ನರ್ಸ್ ಡೈರಿ – 27: ಎರಡು ಕೋಳಿಗೆ ಇಷ್ಟು ದೊಡ್ಡ ಮನೆಯಾ?

ಹೋದ ವಾರ ನಮ್ಮ ಹಿತ್ತಲಿನ ಕೋಳಿಮನೆಯ ಫೋಟೋ ಹಾಕಿದ್ದೆನಲ್ಲ, ಅದರ ಕೆಳಗೆ ನೀವೆಲ್ಲ ಬರೆದಿದ್ದನ್ನು ನೈಟ್ ಡ್ಯೂಟಿಯ ಬ್ರೇಕಿನಲ್ಲಿ ಓದಿ ಒಬ್ಬಳೇ ನಕ್ಕೆ. "ನಿನ್ನ ಕೋಳಿಗಿರೋ ಜಾಗ ಬೆಂಗಳೂರಲ್ಲಿ ನನಗಿಲ್ಲ" ಅಂತ ಒಬ್ಬರು, "ಬಾಡಿಗೆ ಎಷ್ಟಮ್ಮ?" ಅಂತ ಇನ್ನೊಬ್ಬರು. ಅವ್ವ ಫೋನಲ್ಲೇ ಬೈದಳು: "ಎರಡು ಕೋಳಿಗೆ ಇಷ್ಟು ದೊಡ್ಡ ಮನೆಯಾ? ಒಂದು ಮಂಕರಿ ಸಾಕು. ನಿಂಗೆ ದುಡ್ಡು ಹೆಚ್ಚಾಗೈತೆ."

ಅವ್ವ ಹೇಳಿದ್ದು ಸುಳ್ಳಲ್ಲ. ಚನ್ನರಾಯಪಟ್ಟಣದ ಕಡೆ ನಮ್ಮೂರಲ್ಲಿ ಕೋಳಿಗೆ ಅಂತ ಮನೆ ಕಟ್ಟಿದವರನ್ನು ನಾನೂ ನೋಡಿಲ್ಲ. ಸಂಜೆ ಮಂಕರಿ ಕವುಚಿ ಮೇಲೊಂದು ಕಲ್ಲು ಇಟ್ಟರೆ ಮುಗಿಯಿತು. ಆದರೆ ಬೆಳಗ್ಗೆ ಮಂಕರಿ ಎತ್ತಿದ ಮೇಲೆ ಆ ಕೋಳಿಗಳು ಎಲ್ಲಿರುತ್ತಿದ್ದವು ನೆನಪು ಮಾಡಿಕೊಳ್ಳಿ. ತಿಪ್ಪೆ, ಬಣವೆ, ಪಕ್ಕದವರ ಕಣ, ಬೇಲಿಯ ಬುಡ, ದೇವಸ್ಥಾನದ ಹಿಂದಿನ ಲಂಟಾನ ಪೊದೆ. ತಲಾ ಎಷ್ಟು ಜಾಗ ಅಂತ ಲೆಕ್ಕ ಹಾಕಿದರೆ ಒಂದೊಂದು ಕೋಳಿಗೂ ಅರ್ಧ ಊರು ಬರುತ್ತದೆ. ಕುಕ್ಕಿಸಿಕೊಂಡ ಕೋಳಿ ಓಡಿ ಇನ್ನೊಂದು ಬೀದಿಗೆ ಹೋಗಿಬಿಡುತ್ತಿತ್ತು. ಮಂಕರಿ ಬರೀ ಮಲಗುವುದಕ್ಕೆ.

ನಾಟಿಂಗ್‌ಹ್ಯಾಮಿನಲ್ಲಿ ಊರನ್ನು ಬಿಟ್ಟುಕೊಡುವವರು ಯಾರೂ ಇಲ್ಲ. ಜೊತೆಗೆ ನರಿ. ರಾತ್ರಿ ಡ್ಯೂಟಿ ಮುಗಿಸಿ ಬರುವಾಗ ಕಾರಿನ ಮುಂದೆ ನಿಂತು ನನ್ನನ್ನೇ ದುರುಗುಟ್ಟಿ ನೋಡುವಷ್ಟು ಧೈರ್ಯದ ನರಿಗಳು ಇವು. ಡಿಸೆಂಬರಿನಲ್ಲಿ ಸಂಜೆ 4ಕ್ಕೆ ಕತ್ತಲು, ಬೆಳಕಾಗುವುದು ಬೆಳಗ್ಗೆ 8ಕ್ಕೆ. ಕೋಳಿಗಳು 16 ಗಂಟೆ ಒಳಗೇ ಇರುತ್ತವೆ. ನನ್ನ ಡ್ಯೂಟಿ ಬೆಳಗ್ಗೆ ಏಳೂವರೆಯಿಂದ ರಾತ್ರಿ 8ರವರೆಗೆ. ಹೋಗುವಾಗಲೂ ಕತ್ತಲು, ಬರುವಾಗಲೂ ಕತ್ತಲು. ಅಂಥ ದಿನ ಅವುಗಳನ್ನು ಹಿತ್ತಲಿಗೆ ಬಿಟ್ಟು ಕಾಯುವವರು ಯಾರು? ಅದಕ್ಕೇ ಗೂಡಿಗೆ ಅಂಟಿಕೊಂಡಂತೆ, ಮೇಲೂ ಪಕ್ಕದಲ್ಲೂ ಜಾಲರಿ ಇರುವ ಓಡಾಟದ ಅಂಗಳ ಬೇಕು. ಇಲ್ಲಿ ಅದನ್ನು ರನ್ ಅನ್ನುತ್ತಾರೆ.

ಮೊದಲು ನಮ್ಮಲ್ಲಿದ್ದದ್ದು ಪೆಟ್ಟಿಗೆಯಲ್ಲಿ ಬಿಡಿಬಿಡಿಯಾಗಿ ಬರುವ ಮರದ ಗೂಡು. "6ರಿಂದ 8 ಕೋಳಿಗಳಿಗೆ" ಅಂತ ಅದರ ಮೇಲೇ ಅಚ್ಚಾಗಿತ್ತು. ನಮ್ಮನೆಯವರು ಟೇಪು ಹಿಡಿದರು: ಒಳಗೆ 90 ಸೆಂಟಿಮೀಟರ್ ಉದ್ದ, 75 ಅಗಲ. 8 ಕೋಳಿ ಹಾಕಿದರೆ ತಲಾ 844 ಚದರ ಸೆಂಟಿಮೀಟರ್. ಈ ದೇಶದಲ್ಲಿ ಹಳೆಯ ಬ್ಯಾಟರಿ ಪಂಜರಗಳು 2012ರ ಜನವರಿಯಿಂದ ನಿಷೇಧ. ಅದರಲ್ಲಿ ಒಂದು ಕೋಳಿಗೆ 550 ಚದರ ಸೆಂಟಿಮೀಟರ್ ಇತ್ತು, ಅಂದರೆ ಒಂದು ಎ4 ಹಾಳೆಗಿಂತ ಕಡಿಮೆ. ಈಗ ಕಾನೂನು ಒಪ್ಪುವ ಸುಧಾರಿತ ಪಂಜರದಲ್ಲಿ 750. ಹಾಗಾದರೆ ಹೂವಿನ ಚಿತ್ರ ಬರೆದ ಆ ಮುದ್ದಾದ ಗೂಡು ಪಂಜರಕ್ಕಿಂತ ಎಷ್ಟು ದೊಡ್ಡದು ಅಂತ ನೀವೇ ನೋಡಿ. ನಾವು ಮೂರೇ ಕೋಳಿ ಸಾಕಿದೆವು. ಹಗಲು ಯಾರಾದರೊಬ್ಬರು ಮನೆಯಲ್ಲಿರುತ್ತಿದ್ದರಿಂದ ಇಡೀ ಹಿತ್ತಲು ಅವುಗಳದೇ ಆಗಿತ್ತು. ತೊಂದರೆ ಇರಲಿಲ್ಲ.

2022ರ ನವೆಂಬರ್ 7ರಂದು ಹಕ್ಕಿಜ್ವರದಿಂದಾಗಿ ಇಂಗ್ಲೆಂಡಿನ ಎಲ್ಲ ಕೋಳಿಗಳನ್ನೂ ಒಳಗೇ ಇಡಬೇಕೆಂದು ಸರ್ಕಾರದ ಆಜ್ಞೆ ಬಂತು. ಸಾವಿರ ಕೋಳಿ ಇರುವವರಿಗೂ ಅದೇ, ಒಂದು ಕೋಳಿ ಇರುವವರಿಗೂ ಅದೇ. ಅದನ್ನು ತೆಗೆದದ್ದು ಮರುವರ್ಷ ಏಪ್ರಿಲ್ 18ಕ್ಕೆ. ಲಾಕ್‌ಡೌನ್ ನಮಗೆ ಮುಗಿದು ಕೋಳಿಗೆ ಶುರುವಾಯಿತು ಅಂತ ವಾರ್ಡಿನಲ್ಲಿ ತಮಾಷೆ ಮಾಡಿದೆವು.

ಐದು ತಿಂಗಳಿಗೂ ಹೆಚ್ಚು ಕಾಲ ಮೂರು ಕೋಳಿಗೆ ಆರಡಿ ನಾಲ್ಕಡಿ ರನ್. ತಲಾ 8 ಚದರಡಿ. ಹಿತ್ತಲಲ್ಲಿ ಸಾಕುವವರು ಸಾಮಾನ್ಯವಾಗಿ ಹೇಳುವ ಲೆಕ್ಕ ಗೂಡಿನೊಳಗೆ ತಲಾ 4 ಚದರಡಿ, ರನ್‌ನಲ್ಲಿ 10. ನಮ್ಮದು ತೀರಾ ಕಡಿಮೆಯೇನಲ್ಲ. ಆದರೂ ಡಿಸೆಂಬರ್ ಮುಗಿಯುವ ಹೊತ್ತಿಗೆ ಕೊನೆಯ ಕೋಳಿಯ ಬಾಲದ ಬುಡ ಬೋಳಾಯಿತು. ಆಮೇಲೆ ರಕ್ತ. ಕೆಂಪು ಕಂಡರೆ ಉಳಿದವು ಅದನ್ನೇ ಕುಕ್ಕುತ್ತವೆ, ಬಿಡುವುದೇ ಇಲ್ಲ. ಸಲೈನಿನಲ್ಲಿ ಗಾಯ ತೊಳೆದು, ಬೇರೆ ಇಟ್ಟು, ಮಾಯುವವರೆಗೆ ಅಡುಗೆಮನೆಯ ಪಕ್ಕದ ಸಣ್ಣ ಕೋಣೆಯಲ್ಲಿ ನೋಡಿಕೊಂಡೆ. ಬದುಕಿತು. ಆದರೆ ವಾಪಸ್ ಬಿಟ್ಟ ದಿನವೇ ಮೂಲೆಯಲ್ಲಿ ತಲೆ ತೂರಿಸಿ ನಿಂತುಬಿಟ್ಟಿತು. ಮೂಲೆ ಬಿಟ್ಟು ಹೋಗಲು ಅದಕ್ಕೆ ಬೇರೆ ಜಾಗ ಇರಲಿಲ್ಲ.

ಕೋಳಿಗಳಲ್ಲಿ ಯಾರು ಮೇಲೆ ಯಾರು ಕೆಳಗೆ ಅನ್ನುವ ಲೆಕ್ಕ ಇರುತ್ತದೆ ಅಂತ ನಾರ್ವೆಯ ಷೆಲ್ಡೆರುಪ್-ಎಬ್ಬೆ ಎಂಬಾತ 1920ರ ದಶಕದ ಮೊದಲಲ್ಲೇ ಬರೆದಿದ್ದ. ಅದನ್ನು ಯಾರೂ ಅಳಿಸಲಾಗದು. ಕೆಳಗಿನದಕ್ಕೆ ತಪ್ಪಿಸಿಕೊಂಡು ಹೋಗಲು ದಾರಿ ಕೊಡಬಹುದು, ಅಷ್ಟೆ. (ನಮ್ಮ ವಾರ್ಡಿಗೂ ಇದು ಹೊಂದುತ್ತದೆ. ಹೆಸರು ಹೇಳುವುದಿಲ್ಲ.)

ಹಾಗೆ ಕಟ್ಟಿದ್ದು ನೀವು ನೋಡಿದ ಮನೆ. ಗೂಡು ಅಂದರೆ ತೋಟದ ಸಾಮಾನಿಡುವ ಆರಡಿ ನಾಲ್ಕಡಿ ಶೆಡ್ಡು, ರನ್ ಇಪ್ಪತ್ತಡಿ ಎಂಟಡಿ. ಮೇಲೆ ಪಾರದರ್ಶಕ ಶೀಟು, ಕಾಡುಹಕ್ಕಿಗಳ ಹಿಕ್ಕೆ ಒಳಗೆ ಬೀಳದ ಹಾಗೆ. ಸುತ್ತ ಅರ್ಧ ಇಂಚಿನ ಕಣ್ಣಿನ ಬೆಸುಗೆ ಜಾಲರಿ. ಕೋಳಿ ಜಾಲರಿ ಅಂತ ಮಾರುವ ಷಟ್ಕೋನದ ತೆಳ್ಳನೆಯ ತಂತಿಯನ್ನು ನರಿ ಹಲ್ಲಲ್ಲೇ ಹರಿಯುತ್ತದೆ. ಅದು ಕೋಳಿ ಹೊರಗೆ ಹೋಗದಂತೆ ತಡೆಯಲು ಸರಿ, ನರಿ ಒಳಗೆ ಬಾರದಂತೆ ತಡೆಯಲು ಅಲ್ಲ. ಬುಡದಲ್ಲಿ ಅದೇ ಜಾಲರಿಯನ್ನು ಒಂದೂವರೆ ಅಡಿ ಹೊರಗೆ ನೆಲದ ಮೇಲೆ ಹಾಸಿದ್ದೇವೆ. ನರಿ ಗೋಡೆಯ ಬುಡದಲ್ಲೇ ಅಗೆಯುತ್ತದೆ, ಹಿಂದೆ ಸರಿದು ಅಗೆಯುವಷ್ಟು ಬುದ್ಧಿ ಇನ್ನೂ ಬಂದಿಲ್ಲ.

ಆದರೆ ಚದರಡಿಗಿಂತ ಹೆಚ್ಚು ಕೆಲಸ ಮಾಡಿದ್ದು ಒಳಗಿನ ಅಡ್ಡತಡೆಗಳು. ಎರಡು ಹಲಗೆಗಳನ್ನು ಅಡ್ಡ ನಿಲ್ಲಿಸಿದೆವು, ಹಿಂದೆ ಬಚ್ಚಿಟ್ಟುಕೊಳ್ಳಲು. ಮೇವಿನ ಡಬ್ಬ ಎರಡು, ಒಂದರಿಂದ ಇನ್ನೊಂದು ಕಾಣದ ಹಾಗೆ. ಒಂದೇ ಡಬ್ಬ ಇದ್ದರೆ ದೊಡ್ಡಮ್ಮ ಅದರ ಮುಂದೆ ನಿಂತು ಉಳಿದವರನ್ನು ಹಸಿವಿನಲ್ಲಿ ಇಡುತ್ತಾಳೆ. ಒಣ ಮಣ್ಣು, ಒಲೆ ಬೂದಿ ತುಂಬಿದ ಹಳೆಯ ಟೈರು, ಹೊರಳಾಡಿ ಸ್ನಾನ ಮಾಡಲು. ಕೂರುವ ಅಡ್ಡಗೋಲಿಗೆ ತಲಾ 25 ಸೆಂಟಿಮೀಟರ್ ಬೇಕು. ಮೊಟ್ಟೆ ಇಡುವ ಪೆಟ್ಟಿಗೆ ಎರಡಿವೆ, ಇಬ್ಬರೂ ಒಂದರಲ್ಲೇ ಇಡುತ್ತಾರೆ, ಇನ್ನೊಂದು ದಂಡ. ಚಳಿ ಅಂತ ಶೆಡ್ಡಿನ ಮೇಲಿನ ಗಾಳಿಕಿಂಡಿ ಮಾತ್ರ ಮುಚ್ಚುವುದಿಲ್ಲ. ಬೆಳಗ್ಗೆ ಬಾಗಿಲು ತೆಗೆದಾಗ ಮೂಗಿಗೆ ಅಮೋನಿಯಾ ಹೊಡೆದರೆ ರಾತ್ರಿಯೆಲ್ಲ ಅವು ಅದನ್ನೇ ಉಸಿರಾಡಿವೆ ಅಂತ ಅರ್ಥ.

ಅವ್ವ, ನೀನು ಕೇಳಿದ್ದೆಯಲ್ಲ, ಮಿಕ್ಕಿದ ಮುದ್ದೆ ಹಾಕಬಾರದಾ ಅಂತ. ಹಾಕಬಾರದು. ಇಲ್ಲಿ ಅಡುಗೆಮನೆ ದಾಟಿದ ಯಾವುದನ್ನೂ, ತರಕಾರಿ ಸಿಪ್ಪೆಯನ್ನೂ, ನಮ್ಮಂಥ ಮನೆಯವರು ಕೋಳಿಗೆ ಹಾಕುವುದು ಕಾನೂನುಬಾಹಿರ. 2024ರ ಅಕ್ಟೋಬರ್ 1ರಿಂದ ಒಂದೇ ಕೋಳಿ ಇದ್ದರೂ ಸರ್ಕಾರದಲ್ಲಿ ನೋಂದಾಯಿಸಬೇಕು. ನಮ್ಮ ಇಬ್ಬರ ದಾಖಲೆಯೂ ಸರಿಯಾಗಿದೆ.

ಮೂರರಲ್ಲಿ ಒಂದು ಹೋದ ವರ್ಷ ವಯಸ್ಸಾಗಿ ಹೋಯಿತು. ಈಗಿನ ಜಗಳಕ್ಕೆ ಬರುತ್ತೇನೆ. ಫಾರ್ಮುಗಳಲ್ಲಿ ಒಂದೂವರೆ ವರ್ಷದ ಸುಮಾರಿಗೆ ಮೊಟ್ಟೆ ಕಡಿಮೆಯಾದ ಕೋಳಿಗಳನ್ನು ಕಡಿಯಲು ಕಳಿಸುತ್ತಾರೆ. ಬ್ರಿಟಿಷ್ ಹೆನ್ ವೆಲ್ಫೇರ್ ಟ್ರಸ್ಟ್ ಅನ್ನುವ ಸಂಸ್ಥೆ 2005ರಿಂದ ಅಂಥವುಗಳನ್ನು ತಂದು ಮನೆಗಳಿಗೆ ಕೊಡುತ್ತಿದೆ. ನಮ್ಮವೂ ಹಾಗೆ ಬಂದವೇ. ಬಂದಾಗ ಅರ್ಧ ಪುಕ್ಕ ಇರಲಿಲ್ಲ, ಹುಲ್ಲಿನ ಮೇಲೆ ಕಾಲಿಡಲು ಹೆದರಿದ್ದವು. ಮತ್ತೆ ತರೋಣ ಅಂತ ಕೂತಾಗ ಮಗಳು 8 ಅಂತ ತುಂಬಿದಳು. ನಾನು ಅಳಿಸಿ 4 ಮಾಡಿದೆ. ಶೆಡ್ಡು 24 ಚದರಡಿ, ತಲಾ 4ರಂತೆ ಆರೇ ಕೋಳಿ. ಹೊಸಬರನ್ನು ಮೊದಲ ಎರಡು ಮೂರು ವಾರ ರನ್‌ನಲ್ಲೇ ಜಾಲರಿ ಅಡ್ಡ ಕಟ್ಟಿ ಬೇರೆ ಇಡಬೇಕು, ಆಗ ಜಾಗ ಇನ್ನೂ ಕಡಿಮೆ.

"ಉಳಿದ ನಾಲ್ಕು ಸಾಯುತ್ತವೆ ಅಮ್ಮ" ಅಂದಳು. ಹನ್ನೆರಡು ವರ್ಷದವಳು. ಅದು ನಿಜ, ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಆದರೆ "ಇನ್ನೊಂದೇ ಒಂದು" ಅನ್ನುವ ಮಾತು ನನಗೆ ಗೊತ್ತು. ಆರು ಹಾಸಿಗೆಯ ಬೇ ನಡುವೆ ಏಳನೆಯದನ್ನು ತಳ್ಳಿಕೊಂಡು ಬಂದು, ಇವತ್ತೊಂದು ರಾತ್ರಿ ಅನ್ನುತ್ತಾರೆ. ಆ ಏಳನೆಯವರಿಗೆ ಕರೆಗಂಟೆ ಇಲ್ಲ, ಗೋಡೆಯಲ್ಲಿ ಆಕ್ಸಿಜನ್ ಇಲ್ಲ, ಪರದೆ ಎಳೆದರೆ ಪಕ್ಕದವರ ಮಂಚಕ್ಕೆ ತಾಗುತ್ತದೆ. ಕಷ್ಟ ಅವರೊಬ್ಬರಿಗಲ್ಲ, ಏಳೂ ಜನಕ್ಕೆ. ಹಾಸಿಗೆಗಳ ನಡುವೆ ಅಂತರ, ಗಾಳಿ ಬೇಕು ಅಂತ ನೈಟಿಂಗೇಲಮ್ಮ 1859ರಲ್ಲೇ ಪುಸ್ತಕ ಬರೆದಿಟ್ಟಳು. ಓದಿದ ನಾವೇ ಮಂಚ ತಳ್ಳುತ್ತೇವೆ. ಆಸ್ಪತ್ರೆಯಲ್ಲಿ ನನ್ನ ಮಾತು ನಡೆಯುವುದಿಲ್ಲ. ಹಿತ್ತಲಲ್ಲಿ ನಡೆಯುತ್ತದೆ.

ಇದನ್ನು ಮಗಳಿಗೆ ಹೇಳಿದೆ. ಒಪ್ಪಲಿಲ್ಲ, ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ನನ್ನ ಜೊತೆ ಕೆಲಸ ಮಾಡುವ ಕೇರಳದ ಸಿಸ್ಟರ್ ಮನೆಗೆ ಹೋಗಿ, "ಆಂಟಿ, ನಿಮ್ಮ ಹಿತ್ತಲು ಖಾಲಿ ಇದೆಯಲ್ಲ" ಅಂತ ಶುರು ಮಾಡಿದ್ದಾಳೆ. ಪಾಪ, ಅವರಿಗೆ ಕೋಳಿ ಅಂದರೆ ಕರಿ ಮಾತ್ರ ಗೊತ್ತು. ಇವತ್ತು ನಮ್ಮನೆಯವರ ಟೇಪು ಕಾಣಿಸುತ್ತಿಲ್ಲ ಅಂತ ಹುಡುಕುತ್ತಿದ್ದಾಗಲೇ ಅವಳ ಮೆಸೇಜು ಬಂತು: "ಬೇಲಿ ಪಕ್ಕ 14 ಅಡಿ, 7 ಅಡಿ. ನೆರಳಿದೆ. ಆಂಟಿ ಯೋಚನೆ ಮಾಡ್ತಿದ್ದಾರೆ. ಶೆಡ್ಡು ಎಲ್ಲಿ ತಂದಿದ್ದು ಅಂತ ಅಪ್ಪನ್ನ ಕೇಳು."