ಕಾರಿನ ಉಸಿರು

ನಮ್ಮವರು ಬಿಟ್ಟುಹೋದದ್ದರಲ್ಲಿ ಮಗ ಬಾಯಿಬಿಟ್ಟು ಕೇಳಿದ್ದು ಒಂದನ್ನೇ, 2002ರ ಮಾರುತಿ ಝೆನ್ ಕಾರನ್ನು. ಹದಿನೈದು ವರ್ಷ ತುಂಬಿದಾಗ ಆರ್.ಟಿ.ಓ. ಕಚೇರಿಯಲ್ಲಿ ಸಾಲು ನಿಂತು ಅದರ ನೋಂದಣಿ ನವೀಕರಿಸಿಕೊಂಡು ಬಂದವಳು ನಾನು. ಮಾರಲು ಮನಸ್ಸಾಗಿರಲಿಲ್ಲ. ಈಗ ಮಗರಾಯ, "ಅಮ್ಮಾ, ಇದರ ಪವರ್ ಸ್ವಲ್ಪ ಏರಿಸೋಣ. ಟರ್ಬೋ ಗಿರ್ಬೋ ಬೇಡ, ಇರೋ ಇಂಜಿನ್ನಲ್ಲೇ" ಅಂದಾಗ ಎದೆ ಝಲ್ಲೆಂದಿತು. ವೇಗದ ಭಯ ಒಂದು ಕಡೆ. ಅವರ ಕಾರನ್ನು ಬಿಚ್ಚಿ ಹರಡುತ್ತಾನಲ್ಲ ಎಂಬ ಸಂಕಟ ಇನ್ನೊಂದು ಕಡೆ.

ಬೇಡವೆನ್ನುವ ಮೊದಲು ತಿಳಿದುಕೊಳ್ಳಬೇಕಲ್ಲ. ಟರ್ಬೋ ಇದ್ದರೆ ಅದು ಇಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುತ್ತದೆ. ನಮ್ಮ ಝೆನ್ನಿಗೆ ಆ ಭಾಗ್ಯವಿಲ್ಲ. ಪಿಸ್ಟನ್ ಕೆಳಗಿಳಿದಾಗ ಹೊರಗಿನ ವಾಯುಭಾರ ಎಷ್ಟು ತಳ್ಳಿತೋ ಅಷ್ಟೇ ಗಾಳಿ. ಮಕ್ಕಳಿಗೆ ವಾಯುಭಾರದ ಪಾಠ ಮಾಡುವ ನನಗೆ ಇದು ಬೇಗ ತಲೆಗೆ ಹತ್ತಿತು. 993 ಸಿ.ಸಿ., ನಾಲ್ಕು ಸಿಲಿಂಡರು, ಒಂದೊಂದಕ್ಕೆ ಸುಮಾರು ಕಾಲು ಲೀಟರ್. ನಿಮಿಷಕ್ಕೆ 6,000 ಸುತ್ತು ತಿರುಗುವಾಗ ಒಂದೊಂದು ಸಿಲಿಂಡರೂ ಸೆಕೆಂಡಿಗೆ 50 ಸಲ ಉಸಿರೆಳೆಯಬೇಕು! ತೂಕದ ಲೆಕ್ಕದಲ್ಲಿ ಸುಮಾರು 14.7 ಪಾಲು ಗಾಳಿ ಒಳಗೆ ಹೋದರೆ ಒಂದು ಪಾಲು ಪೆಟ್ರೋಲು ಸರಿಯಾಗಿ ಉರಿಯುತ್ತದೆ. ಹಾಗಾಗಿ ಶಕ್ತಿ ಬೇಕೆಂದರೆ ಉಸಿರಾಟ ಸಲೀಸಾಗಬೇಕು. ಸಮುದ್ರದಂಚಿನ ಮಂಗಳೂರಿಗಿಂತ ಸಾವಿರ ಮೀಟರಿನಷ್ಟು ಎತ್ತರದಲ್ಲಿರುವ ನಮ್ಮ ಹಾಸನದಲ್ಲಿ ಗಾಳಿಯೇ ತೆಳು. ಶಿರಾಡಿ ಘಾಟಿ ಹತ್ತಿ ಬರುವಷ್ಟರಲ್ಲಿ ಹತ್ತರಲ್ಲಿ ಒಂದು ಪಾಲು ಶಕ್ತಿ ಕರಗಿರುತ್ತದೆ.

ನಮ್ಮ ಬೀದಿಯ ಮೆಕ್ಯಾನಿಕ್ ಮಗನಿಗಿಂತ ಬುದ್ಧಿವಂತ. "ಟೀಚರಮ್ಮ, ಹೊಸದು ಸೇರಿಸೋಕೆ ಮುಂಚೆ ಹಳೇದು ಎಲ್ಲಿ ಸೋರೋಗಿದೆ ನೋಡೋಣ" ಎಂದ. ಪ್ಲಗ್ ಬಿಚ್ಚಿ, ಮೀಟರು ಹಚ್ಚಿ, ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ನೋಡಿದ. ಪುಣ್ಯಕ್ಕೆ ನಾಲ್ಕೂ ಹೆಚ್ಚುಕಡಿಮೆ ಸಮವಾಗಿದ್ದವು. ಆದರೆ ಏರ್ ಫಿಲ್ಟರು ಒಲೆಯ ಬೂದಿಯ ಬಣ್ಣಕ್ಕೆ ತಿರುಗಿತ್ತು, ಪ್ಲಗ್ಗಿನ ತುದಿಗಳು ಸವೆದಿದ್ದವು, ಗಾಳಿ ಹೋಗುವ ಬಾಯಿಗೆ ಮಸಿ ಮೆತ್ತಿಕೊಂಡಿತ್ತು, ಸಾಲದ್ದಕ್ಕೆ ಹಿಂದಿನ ಒಂದು ಚಕ್ರದ ಬ್ರೇಕು ಹಿಡಿದುಕೊಂಡೇ ಇತ್ತು. ಇಷ್ಟನ್ನು ಸರಿಪಡಿಸಿದ ಮೇಲೆ ಚನ್ನರಾಯಪಟ್ಟಣದವರೆಗೆ ಹೋಗಿ ಬಂದ ಮಗ ಮಾತಾಡಲಿಲ್ಲ. ಹೊಸತಾಗಿದ್ದಾಗ ಇದ್ದ 60 ಅಶ್ವಶಕ್ತಿಯಲ್ಲಿ ಕಳೆದುಹೋದದ್ದರ ಬಹುಪಾಲು ವಾಪಸ್ಸು ಬಂದಿತ್ತೆಂದು ಅವನ ಮುಖವೇ ಹೇಳುತ್ತಿತ್ತು.

ಅಲ್ಲಿಗೆ ನಿಲ್ಲುವ ಪ್ರಾಣಿಯೇ ಅವನು? ಬಾನೆಟ್ಟಿನೊಳಗೆ ತೆರೆದಿಡುವ ಕೋನ್ ಫಿಲ್ಟರು ತರುತ್ತೇನೆಂದ. ಇಂಜಿನ್ನಿನ ಪಕ್ಕದ ಬಿಸಿಗಾಳಿಯನ್ನು ಕುಡಿಸಿದರೆ ಲಾಭವೇನು? ಬಿಸಿಗಾಳಿ ತೆಳುವಾದದ್ದು. ಮುಂಭಾಗದಿಂದ ತಣ್ಣನೆಯ ಗಾಳಿ ತರುವ ಕೊಳವೆ ಇದ್ದರೆ ಮಾತ್ರ ಅದಕ್ಕೆ ಅರ್ಥ. ಕ್ಯಾಮ್ ಬದಲಿಸಿದರೆ ಮೇಲಿನ ವೇಗದಲ್ಲಿ ಶಕ್ತಿ ಬರುತ್ತದೆ, ಕೆಳಗೆ, ಅಂದರೆ ಸಂತೆಪೇಟೆಯ ಜನಜಂಗುಳಿಯಲ್ಲಿ, ಗಾಡಿ ಗೊಣಗುತ್ತದೆ. ಹೆಡ್ಡಿನ ತಳವನ್ನು ಕೊರೆದು ಕಂಪ್ರೆಷನ್ ಏರಿಸಿದರೆ ಮತ್ತೆ ಹಿಂದಿರುಗುವಂತಿಲ್ಲ.

ಸೈಲೆನ್ಸರಿನ ವಿಷಯ ಬಂದಾಗ ಮಾತ್ರ ನನಗೆ ತಡೆಯಲಾಗಲಿಲ್ಲ. ದಪ್ಪ ಕೊಳವೆ ಹಾಕಿ ಗುಡುಗಿಸಿದರೆ ಪೊಲೀಸರು ಹಿಡಿಯುತ್ತಾರೆ, 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿದೆ, ತಯಾರಕರು ಕೊಟ್ಟ ರೂಪವನ್ನು ಮನಬಂದಂತೆ ಬದಲಿಸಬಾರದೆಂದು 2019ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ, ನಾಳೆ ಏನಾದರೂ ಆದರೆ ವಿಮೆಯವರು ಕೈಯೆತ್ತಬಹುದು ಎಂದೆಲ್ಲ ವಾದಿಸಿದೆ. ನಿಜವಾದ ಕಾರಣ ಬೇರೆ. ಬೀದಿಯ ತಿರುವಿನಲ್ಲಿ ಆ ಸದ್ದು ಕೇಳಿದೊಡನೆ ನಾನು ಕಾಫಿಗೆ ನೀರಿಡುತ್ತಿದ್ದೆ. ಈಗಲೂ ಮಗ ಬಂದಾಗ ಕೈ ತಾನಾಗಿ ಒಲೆಯ ಕಡೆ ಹೋಗುತ್ತದೆ. ಅದನ್ನು ಹೇಳಿದಾಗ ಅವನು ತುಸುಹೊತ್ತು ಸ್ಟಿಯರಿಂಗ್ ಹಿಡಿದು ಸುಮ್ಮನೆ ಕೂತಿದ್ದ.

ಕೊನೆಗೆ ಎತ್ತಿಟ್ಟಿದ್ದ ಹಣ ಹೋದದ್ದು ನಾಲ್ಕು ಹೊಸ ಟೈರಿಗೆ, ಬ್ರೇಕಿಗೆ. ತಣ್ಣನೆ ಗಾಳಿಯ ಕೊಳವೆಯೊಂದಕ್ಕೆ ಒಪ್ಪಿದೆ, ಬೇಕಾದಾಗ ಬಿಚ್ಚಬಹುದಲ್ಲ. ಕಂಪನಿಯ ಹಳೆಯ ಫಿಲ್ಟರ್ ಡಬ್ಬಿಯನ್ನು ಒರೆಸಿ, ಪತ್ರಿಕೆಯಲ್ಲಿ ಸುತ್ತಿ ಅಟ್ಟದ ಮೇಲೆ ಇಡಿಸಿದ್ದೇನೆ. ಕ್ಯಾಮಿನ ಮಾತನ್ನು ಮಗ ದಸರಾ ರಜೆಗೆ ಮುಂದೂಡಿದ್ದಾನೆ.