ದೊಡ್ಡವ್ವನನ್ನು ಬಿಟ್ಟು ಬಂದೆವು

ಹೋದ ಸುಗ್ಗಿ ಮುಗಿದ ಮೇಲೆ ನಾವು ನಮ್ಮ ದೊಡ್ಡವ್ವನನ್ನು ವಿಜಯಪುರದ ಒಂದು ವೃದ್ಧಾಶ್ರಮದಲ್ಲಿ ಬಿಟ್ಟು ಬಂದೆವು. ‘ಬಿಟ್ಟು ಬಂದೆವು’ ಅಂತ ಬರೆಯುವಾಗ ಕೈ ತಡೆಯುತ್ತದೆ. ಮುದಿ ಎತ್ತನ್ನು ಸಂತೆಯಲ್ಲಿ ಬಿಟ್ಟು ಹಗ್ಗ ಸುತ್ತಿಕೊಂಡು ಬಂದವರ ಮಾತಿನ ಹಾಗೆ ಕೇಳುತ್ತದೆ. ‘ಸೇರಿಸಿದೆವು’ ಅಂದರೆ ಮಗುವನ್ನು ಸಾಲಿಗೆ ಹಾಕಿದಂತಾಗುತ್ತದೆ. ಅಷ್ಟು ಸಂತೋಷದ ಕೆಲಸ ಅದಲ್ಲ.

ನಾವು ಅಂದರೆ ಅವಳ ತಂಗಿಯ ಮಕ್ಕಳು, ನಾಲ್ವರು. ದೊಡ್ಡವ್ವನಿಗೆ ಮಕ್ಕಳಿಲ್ಲ. ವಯಸ್ಸು ಕೇಳಿದರೆ ‘ಎಪ್ಪತ್ತೆರಡರ ಬರ ಬಿದ್ದಾಗ ನನ್ನ ಲಗ್ನಾಗಿ ಆರ ವರ್ಷಾಗಿತ್ತು ನೋಡ್ರಿ’ ಅನ್ನುತ್ತಾಳೆ. ಅದೇ ಅವಳ ಜನ್ಮಪತ್ರ. ಆ ಬರದಲ್ಲಿ ಗಂಡನ ಜತೆ ಕಾಮಗಾರಿಗೆ ಹೋಗಿ ಖಡಿ ಒಡೆದವಳು. ಗಂಡ ತೀರಿದ ಮೇಲೆ ಅಗರಖೇಡದ ಕೇರಿಯಲ್ಲೇ ಒಂಟಿಯಾಗಿ ಉಳಿದಳು.

ಅವಳು ಊರ ಸೂಲಗಿತ್ತಿ. ನಡುರಾತ್ರಿ ಯಾರೋ ಕಂದೀಲು ಹಿಡಿದು ಬಂದು ಕೇರಿಯ ಅಂಚಿಗೆ ನಿಂತು ಕೂಗುತ್ತಿದ್ದರು. ಒಳಗೆ ಬರುತ್ತಿರಲಿಲ್ಲ. ಇವಳು ಎದ್ದು ಹೋಗಿ ಅವರ ಮನೆಯ ಹಿತ್ತಲ ಬಾಗಿಲಿಂದ ಒಳಗೆ ಹೋಗಬೇಕು. ನೋವು ಇರುವ ತನಕ ದೊಡ್ಡವ್ವನ ಕೈಗೆ ಮೈಲಿಗೆ ಇಲ್ಲ. ಕೂಸು ಅತ್ತ ಮೇಲೆ ಮೈಲಿಗೆ ಶುರು. ಗಂಡಾದರೆ ಒಂದು ಮರ ಜೋಳ, ಒಂದು ಖಣ. ಹೆಣ್ಣಾದರೆ ಬರೀ ಜೋಳ. ಅದನ್ನೂ ಮೇಲಿಂದ ಸೆರಗಿಗೆ ಸುರಿಯುತ್ತಿದ್ದರು. ಅವಳು ಅಂಗಳ ದಾಟುವಷ್ಟರಲ್ಲಿ ಹಿಂದೆ ಗೋಮೂತ್ರ ಚಿಮುಕಿಸುವ ಸಪ್ಪಳ ಕೇಳುತ್ತಿತ್ತಂತೆ. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂದು ಹೆರಿಗೆಗಳು ಆಸ್ಪತ್ರೆಗೆ ಹೋದವು. ಒಳ್ಳೆಯದೇ ಆಯಿತು, ಬಾಣಂತಿಯರ ಜೀವ ಉಳಿದವು. ಸೂಲಗಿತ್ತಿಯ ಹೊಟ್ಟೆ ಮಾತ್ರ ಯಾವ ಯೋಜನೆಯಲ್ಲೂ ಇರಲಿಲ್ಲ.

2020ರ ಅಕ್ಟೋಬರಿನಲ್ಲಿ ಉಜನಿ ಅಣೆಕಟ್ಟೆಯಿಂದ ನೀರು ಬಿಟ್ಟು ಭೀಮೆ ಉಕ್ಕಿದಾಗ ಅವಳ ಮನೆಯ ಹಿಂದಿನ ಗೋಡೆ ಕುಸಿಯಿತು. ತಗಡು ಹೊದಿಸಿ ನಿಲ್ಲಿಸಿದೆವು. ಅದೇ ತಗಡಿನ ಮರೆಯಲ್ಲಿ ಹೋದ ವರ್ಷ ಬೆಳಗಿನ ಜಾವ ಬಯಲಿಗೆ ಹೋಗಲು ಎದ್ದವಳು ಬಿದ್ದಳು. ತೊಡೆಯ ಎಲುಬು ಮುರಿಯಿತು. ಸರಕಾರಿ ಆಸ್ಪತ್ರೆಯಲ್ಲಿ ಸಲಾಕೆ ಹಾಕಿದರು. ‘ಇನ್ನ ಅಕಿನ್ನ ಒಬ್ಬಾಕೀನ ಬಿಡಬ್ಯಾಡ್ರಿ’ ಅಂದರು ಡಾಕ್ಟರು. ಮಾತೇನೋ ಸರಿ. ಬಿಡದೆ ಇಟ್ಟುಕೊಳ್ಳುವುದು ಎಲ್ಲಿ?

ನಮ್ಮಲ್ಲಿ ಇಬ್ಬರು ಪುಣೆಯಲ್ಲಿ ಗೌಂಡಿ ಕೆಲಸಕ್ಕಿದ್ದಾರೆ. ಕಟ್ಟುವ ಮಾಳಿಗೆಯ ಬುಡದಲ್ಲೇ ಪತ್ರಾದ ಶೆಡ್ಡು. ಮಾಳಿಗೆ ಮುಗಿದರೆ ಶೆಡ್ಡೂ ಎದ್ದು ಹೋಗುತ್ತದೆ. ತಂಗಿ ಸೊಲ್ಲಾಪುರದಲ್ಲಿ ಬೀಡಿ ಕಟ್ಟುತ್ತಾಳೆ. ಒಂದು ಖೋಲಿ, ಆರು ಜನ. ಉಳಿದವನು ಮಾಸ್ತರ. ತಾಲೂಕಿನ ಪೇಟೆಯಲ್ಲಿ ಬಾಡಿಗೆ ಮನೆ, ಒಳಗೇ ಸಂಡಾಸು. ಎಲ್ಲರ ಕಣ್ಣೂ ಅವನ ಮೇಲೆ ಬಿತ್ತು. ಒಯ್ದ.

ಇಲ್ಲಿ ನಾವು ಮುಚ್ಚಿಡದೆ ಬರೆಯಬೇಕು. ಮಾಸ್ತರ ಆ ಮನೆ ಹಿಡಿಯುವಾಗ ಜಾತಿ ನುಂಗಿಕೊಂಡಿದ್ದ. ಏಪ್ರಿಲ್ 14ಕ್ಕೆ ಊರಲ್ಲಿ ಮೈಕು ಹಿಡಿದು ಮಾತಾಡುವವನು ಅವನೇ. ನಮಗೆಲ್ಲರಿಗೂ ಅದು ಗೊತ್ತಿತ್ತು, ನಾವು ಯಾರೂ ಕೇಳಿರಲಿಲ್ಲ. ದೊಡ್ಡವ್ವ ಹನ್ನೆರಡು ದಿನ ಅಲ್ಲಿದ್ದಳು. ಹದಿಮೂರನೆಯ ದಿನ ಕಟ್ಟೆಯ ಮೇಲೆ ಕೂತು ಮನೆ ಮಾಲಕರ ತಾಯಿಗೆ ತಾನು ಎಷ್ಟು ಕೂಸು ಎತ್ತಿಕೊಂಡೆ, ಯಾರ ಹಿತ್ತಲಿಂದ ಹೋದೆ, ಯಾವ ಕೇರಿಗೆ ತಿರುಗಿ ಬಂದೆ ಎಲ್ಲ ಹೇಳಿದಳು. ತಿಂಗಳು ತುಂಬುವ ಮೊದಲೇ ‘ನಮ್ಮ ಮಗಳು ಬರಾಕಿ ಅದಾಳ, ಮನಿ ಬೇಕ್ರಿ’ ಅಂದರು. ಮಾಸ್ತರ ದೊಡ್ಡವ್ವನ ಮೇಲೆ ಸಿಟ್ಟಾದ. ಮಾಲಕರ ಮೇಲೆ ಆಗಬೇಕಿದ್ದ ಸಿಟ್ಟು.

ಈಗ ಪತ್ರಿಕೆ ತೆರೆದರೆ ಸಾಕು, ‘ವೃದ್ಧಾಶ್ರಮಗಳು ಹೆಚ್ಚುತ್ತಿವೆ, ಕೂಡುಕುಟುಂಬ ಒಡೆಯಿತು, ನಮ್ಮ ಸಂಸ್ಕೃತಿ ಹಾಳಾಯಿತು’ ಅಂತ ಅಳುವವರು ಕಾಣುತ್ತಾರೆ. ಗೆಳೆಯರೆ, ಯಾರ ಸಂಸ್ಕೃತಿ? ಕೂಡುಕುಟುಂಬಕ್ಕೆ ಮೊದಲು ತೊಲೆ-ಕಂಬದ ಮನೆ ಬೇಕು, ಹಗೇವಿನಲ್ಲಿ ಜೋಳ ಬೇಕು, ಪಡಸಾಲೆಯಲ್ಲಿ ಮುದುಕ ಕೂಡುವುದಕ್ಕೊಂದು ಜಾಗ ಬೇಕು. ನಮ್ಮ ಕೇರಿಯಲ್ಲಿ ಕೂತು ಉಂಡ ಮುದುಕಿಯನ್ನು ನಾವು ನೋಡಿಲ್ಲ. ಕಣ್ಣು ಕಾಣದಿದ್ದರೂ ಕಸ ತೆಗೆದರು, ನಡು ಬಾಗಿದ ಮೇಲೆ ಸೆಗಣಿ ಬಳಿದರು. ಕೂಲಿ ತಪ್ಪಿದ ವರ್ಷವೇ ಮಣ್ಣಾದರು. ನಮ್ಮವರಿಗೆ ಸಾವು ಇತ್ತು, ಮುಪ್ಪು ಇರಲಿಲ್ಲ.

ಕಾಯ್ದೆಯನ್ನೂ ತಿರುವಿ ನೋಡಿದೆವು. ತಂದೆ-ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯ್ದೆ 2007ರದು. ಮಕ್ಕಳು ನೋಡಿಕೊಳ್ಳದಿದ್ದರೆ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು, ವಕೀಲರು ಬೇಕಾಗಿಲ್ಲ. ಮಕ್ಕಳಿಲ್ಲದವರು? ಅವರನ್ನು ‘ಸಂಬಂಧಿ’ ನೋಡಿಕೊಳ್ಳಬೇಕು. ಸಂಬಂಧಿ ಅಂದರೆ ಯಾರು ಅಂತಲೂ ಕಾಯ್ದೆ ಹೇಳುತ್ತದೆ: ಆ ಹಿರಿಯರ ಆಸ್ತಿ ಯಾರ ಕೈಯಲ್ಲಿದೆಯೋ ಅಥವಾ ಮುಂದೆ ಯಾರಿಗೆ ಬರುತ್ತದೆಯೋ ಅವರು. ದೊಡ್ಡವ್ವನಿಗೆ ಒಂದು ಗುಂಟೆ ಹೊಲವಿಲ್ಲ. ಇರುವುದು ಮೂರು ಗೋಡೆ, ಒಂದು ತಗಡು. ಅಲ್ಲಿಗೆ ಕಾಯ್ದೆಯ ಕಣ್ಣಿನಲ್ಲಿ ನಾವು ಅವಳಿಗೆ ಏನೂ ಅಲ್ಲವೆಂದೇ ಲೆಕ್ಕ. ಅವಳ ಎದೆಯ ಮೇಲೆ ಮಲಗಿ ಬೆಳೆದದ್ದು ಆಸ್ತಿಯ ಪಟ್ಟಿಯಲ್ಲಿ ಬರುವುದಿಲ್ಲ. ಜಿಲ್ಲೆಗೆ ಒಂದಾದರೂ ಕನಿಷ್ಠ 150 ನಿರ್ಗತಿಕರು ಇರುವಂಥ ವೃದ್ಧಾಶ್ರಮ ಬೇಕೆಂಬ ಮಾತೂ ಅದರಲ್ಲಿದೆ. ಆದರೆ ಸರಕಾರ ‘ಸ್ಥಾಪಿಸಬಹುದು’ ಅಂತ ಬರೆದಿದ್ದಾರೆ, ‘ಸ್ಥಾಪಿಸಬೇಕು’ ಅಂತಲ್ಲ. ಬಡವರ ಪಾಲಿಗೆ ಬಂದಾಗ ಕಾಯ್ದೆ ಎಷ್ಟು ನಯವಾಗಿ ಮಾತಾಡುತ್ತದೆ ನೋಡಿ.

ಕೊನೆಗೆ ಪರಿಚಿತರೊಬ್ಬರು ಈ ಆಶ್ರಮದ ದಾರಿ ತೋರಿಸಿದರು. ದುಡ್ಡು ಕೇಳುವುದಿಲ್ಲ, ಆಧಾರ್, ರೇಷನ್ ಕಾರ್ಡು, ಡಾಕ್ಟರ ಚೀಟಿ, ಎರಡು ಫೋಟೋ ಸಾಕು ಅಂದರು. ದೊಡ್ಡವ್ವನಿಗೆ ಹೇಳುವವರು ಯಾರು? ಮೂರು ದಿನ ಒಬ್ಬರ ಮುಖ ಒಬ್ಬರು ನೋಡಿದೆವು. ಅವಳೇ ಕೇಳಿದಳು: ‘ಏನ್ರೋ, ನನ್ನ ಎಲ್ಲಿಗೆ ಒಯ್ಯಾಕತ್ತೀರಿ? ಹೇಳ್ರಿ. ನಾ ಏನ್ ಹೊಸ್ತಾಗಿ ಮಂದಿ ಮನಿಗೆ ಹೋಗಾಕಿನ?’

ಇಂಡಿಯಲ್ಲಿ ಬಸ್ಸು ಬದಲಿಸಿದೆವು. ಅವಳ ಗಂಟಿನಲ್ಲಿ ಎರಡು ಸೀರೆ, ಒಂದು ಕೌದಿ, ಅಡಕೆ-ಎಲೆಯ ಚಂಚಿ, ತಿಂಗಳಿಗೆ 1,200 ರೂಪಾಯಿ ಬರುವ ಸಂಧ್ಯಾ ಸುರಕ್ಷಾದ ಪಾಸ್‌ಬುಕ್ಕು. ವಿಜಯಪುರ ಹತ್ತಿರ ಬಂದಾಗ ಮಾಸ್ತರ ಬಗ್ಗಿ ಅವಳ ಕಿವಿಯಲ್ಲಿ ಹೇಳಿದ: ‘ಯವ್ವಾ, ಅಲ್ಲಿ ಯಾ ಪೈಕಿ ಅಂತ ಯಾರರ ಕೇಳಿದ್ರ ಸುಮ್ಮನಿರು. ನಮಗ ಗೊತ್ತಿಲ್ರಿ ಅಂತ ಅಂದುಬಿಡು.’ ಅವನೊಬ್ಬನೇ ಅಲ್ಲ, ನಾವು ಎಲ್ಲರೂ ಹಾಗೆಯೇ ಅಂದೆವು. ಅವಳು ಕಿಡಕಿಯ ಹೊರಗೆ ನಿಂಬೆ ತೋಟ ನೋಡುತ್ತ ಕೂತಿದ್ದಳು. ಕೇಳಿಸಿತೋ ಇಲ್ಲವೋ.

ಖೋಲಿಯಲ್ಲಿ ಮೂರು ಮಂಚ. ಗೋಡೆಯ ಕಡೆಯದು ದೊಡ್ಡವ್ವನಿಗೆ. ಜೀವಮಾನದಲ್ಲಿ ಮೊದಲ ಸಲ ತನ್ನದು ಅನ್ನುವ ಮಂಚ. ಅಂಗೈಯಿಂದ ಗಾದಿ ಒತ್ತಿ ಒತ್ತಿ ನೋಡಿದಳು. ಮಧ್ಯಾಹ್ನ ಯಾರೋ ಹುಡುಗಿ ತಟ್ಟೆ ತಂದು ಕೈಗೆ ಕೊಟ್ಟಳು, ಮೇಲಿಂದ ಸುರಿಯಲಿಲ್ಲ. ನಮಗೆ ಹೊಟ್ಟೆ ತಣ್ಣಗಾಯಿತು. ಅಷ್ಟರಲ್ಲಿ ಪಕ್ಕದ ಮಂಚದ ಅಜ್ಜಿ ಕೇಳಿದರು, ‘ನಿಮ್ದು ಯಾ ಪೈಕಿ?’ ನಾವು ನಾಲ್ವರೂ ಒಮ್ಮೆಗೇ ಕೆಮ್ಮಿದೆವು, ಏನೋ ಮಾತು ತೆಗೆದೆವು. ದೊಡ್ಡವ್ವ ರೊಟ್ಟಿ ಮುರಿಯುತ್ತ, ‘ಹೊಲೇರು. ಅಗರಖೇಡದ ಸೂಲಗಿತ್ತಿ’ ಅಂದಳು.

ಅಜ್ಜಿ ಮಾತಾಡಲಿಲ್ಲ. ನಡುವೆ ಇದ್ದ ತಮ್ಮ ನೀರಿನ ಚರಿಗೆಯನ್ನು ಎತ್ತಿ ಆಚೆ ಕಡೆ ಇಟ್ಟುಕೊಂಡರು. ನಾವು ನೋಡಿದೆವು. ದೊಡ್ಡವ್ವನೂ ನೋಡಿದಳು. ಬಸ್ಸಿನಲ್ಲಿ ತಿರುಗಿ ಬರುವಾಗ ಮಾಸ್ತರ ಕಿಡಕಿಗೆ ತಲೆ ಆನಿಸಿ ಅಳುತ್ತಿದ್ದ. ಯಾಕೆ ಅಂತ ನಾವು ಕೇಳಲಿಲ್ಲ. ನಮ್ಮ ಕಣ್ಣೂ ಒಣಗಿರಲಿಲ್ಲ.

ತಿಂಗಳಾದ ಮೇಲೆ ಹೋದೆವು. ಕೆನ್ನೆ ಸ್ವಲ್ಪ ತುಂಬಿದ್ದವು. ವಾಕರ್ ಹಿಡಿದು ಬಾಗಿಲ ತನಕ ಬಂದಳು. ಚರಿಗೆ ಇನ್ನೂ ಆಚೆ ಕಡೆಯೇ ಇತ್ತು. ಅಜ್ಜಿ ಮಲಗಿದ್ದರು. ದೊಡ್ಡವ್ವ ದನಿ ತಗ್ಗಿಸಿದಳು:

‘ರಾತ್ರಿ ಅಕೀಗೆ ಮೀನಖಂಡ ಹಿಡಕೋತಾವು. ಯವ್ವಾ ಬಾ, ನಿನ್ನ ಕೈ ಭಾಳ ಚಲೋ ಅದಾವು ಅಂತಾಳ.’

‘ತಿಕ್ಕಿದೇನು?’

‘ಮೊದಲ ನಾಕ ದಿನ ತಿಕ್ಕಿದೆ. ಆಮ್ಯಾಲ ಅಂದೆ, ನಿನ್ನ ಚರಿಗ್ಯಾನ ನೀರು ನಿನ್ನ ಕೈಲೆ ನನಗ ಕೊಡು, ತಿಕ್ತೀನಿ.’

‘ಕೊಟ್ರೇನು?’

‘ಇನ್ನಾ ಇಲ್ಲ’ ಅಂದಳು ದೊಡ್ಡವ್ವ. ‘ಕಾಲು ಇನ್ನಾ ಹಿಡ್ಯಾಕತ್ತಾವು.’

ಮುಂದಿನ ಸಲ ಬರುವಾಗ ಹೊಸ ಚಂಚಿ ತರಲು ಹೇಳಿದ್ದಾಳೆ.