ಚೋರ್ ಬಜಾರಿನಲ್ಲಿ ಒಂದು ಆಟದ ಯಂತ್ರ

ಮುಂಬಯಿಯ ಮಟನ್ ಸ್ಟ್ರೀಟಿಗೆ ಜನ ಹೋಗುವುದು ಹೆಚ್ಚಾಗಿ ಗ್ರಾಮಫೋನು, ಹಿತ್ತಾಳೆಯ ದೀಪಗಳಿಗಾಗಿ. ನಾವು ದಂಪತಿಗಳು ಹೋದದ್ದು ಹಳೆಯ ವಿಡಿಯೋ ಆಟದ ಯಂತ್ರಕ್ಕಾಗಿ. ಸಿಕ್ಕಿತು ಕೂಡ: 1988ರಲ್ಲಿ ಜಪಾನಿನಲ್ಲಿ ಹೊರಬಂದ ಸೆಗಾ ಮೆಗಾ ಡ್ರೈವಿನ ಮೊದಲ ಮಾದರಿ, ಮುಂಭಾಗದಲ್ಲಿ ಹೆಡ್‌ಫೋನ್ ಸಿಕ್ಕಿಸುವ ತೂತು ಅದರ ಗುರುತು.

“ನಡೆಯುತ್ತದೆಯೇ?” ಎಂದೆವು.

“ಚಾಲೂ ಹೈ!”

ಆ ಬೀದಿಯಲ್ಲಿ ಎಲ್ಲವೂ ಚಾಲೂ. ಕನ್ನಡದಲ್ಲಿ ಆ ಮಾತಿಗಿರುವ ಇನ್ನೊಂದು ಅರ್ಥ ನೆನೆದು ನಕ್ಕೆವು.

ಹೇಳಿದ ಬೆಲೆ 4,000. ನಮ್ಮಲ್ಲಿದ್ದುದು ಮೂರು ತಿಂಗಳ ಉಳಿತಾಯ, 3,000 ರೂಪಾಯಿ. ಅಂಗಡಿಯಲ್ಲಿ ಟಿ.ವಿ. ಇಲ್ಲ. “ನೋಡದೆ ಕೊಂಡರೆ ಬರಿಯ ಡಬ್ಬಿಯ ಬೆಲೆ, ನೋಡಿ ಕೊಂಡರೆ ಯಂತ್ರದ ಬೆಲೆ” ಎಂದು ನಮ್ಮಾಕೆ ತನ್ನ ಹಿಂದಿಯಲ್ಲಿ ಹೇಳಿದಳು. ಮುದುಕ ಗಡ್ಡ ನೀವಿಕೊಂಡು, ಯಂತ್ರದೊಡನೆ ತನ್ನ ಮೊಮ್ಮಗನನ್ನು ನಮ್ಮ ಜೊತೆ ಕಳುಹಿಸಿದ.

ಲ್ಯಾಮಿಂಗ್ಟನ್ ರೋಡು ಅಲ್ಲಿಂದ ಕಾಲ್ನಡಿಗೆಯ ದೂರ. ರಿಪೇರಿಯವನು ಮೊದಲು ನೋಡಿದ್ದು ಯಂತ್ರವನ್ನಲ್ಲ, ಅಡಾಪ್ಟರನ್ನು. ಈ ಮಾದರಿಗೆ ಬೇಕಾದದ್ದು 9 ವೋಲ್ಟ್. ಪಿನ್ನಿನ ನಡುವೆ ಋಣ, ಹೊರಗೆ ಧನ. ಮುದುಕ ಕೊಟ್ಟದ್ದು ತಿರುವುಮುರುವು! ಅದನ್ನು ಬದಿಗಿಟ್ಟು ತನ್ನದನ್ನು ಸಿಕ್ಕಿಸಿದ. ಪರದೆ ಕಪ್ಪು. ಕಾರ್ಟ್ರಿಜ್ಜಿನ ಹಲ್ಲುಗಳನ್ನು ಸ್ಪಿರಿಟ್ ಹತ್ತಿಯಿಂದ ಉಜ್ಜಿದ. ಮತ್ತೂ ಕಪ್ಪು. ಹುಡುಗನ ಮುಖ ಬಾಡಿತು. ಮೂರನೆಯ ಸಲ ಚಿತ್ರ ಮೂಡಿತು! ಆದರೆ ಹಿಡಿಕೆಯ ಎಡದ ಗುಂಡಿ ಸತ್ತಿತ್ತು.

ಮರಳಿ ಬಂದು ಇದ್ದದ್ದನ್ನು ಇದ್ದಂತೆ ಹುಡುಗನೇ ತಾತನಿಗೆ ಒಪ್ಪಿಸಿದ. 2,400ಕ್ಕೆ ಮಾತು ನಿಂತಿತು. ರಿಪೇರಿಯವನ ಅಡಾಪ್ಟರಿಗೆ ಬೇರೆ 200.

“ಒಳ್ಳೆಯ ಹಿಡಿಕೆ ಬಂದರೆ ಎತ್ತಿಡುತ್ತೇನೆ, ಬೇಟಿ” ಎಂದ ಮುದುಕ, ನಮ್ಮಾಕೆಗೆ, ನಮಗಲ್ಲ.